ಇದ್ದಕ್ಕಿದ್ದಂಗೆ ಸ್ಟ್ರೆಚ್ ಮಾರ್ಕ್ಸ್ ಬಂದ್ರೆ ಏನ್ ಮಾಡ್ಬೇಕು, ಏನ್ ಹಚ್ಬಾರ್ದು

ತೊಡೆ ಮೇಲೋ ಸೊಂಟದ ಪಕ್ಕದಲ್ಲೋ ಬೆನ್ನಲ್ಲೋ ಮೊನ್ನೆ ತನಕ ಇಲ್ದಿದ್ದ ಗೆರೆ ಇವತ್ತು ಕಣ್ಣಿಗೆ ಬಿದ್ದಿದ್ರೆ ಮೊದ್ಲು ಯಾವ ಕ್ರೀಮೂ ತರೋಕೆ ಹೋಗ್ಬೇಡಿ. ಬೆಳಗ್ಗೆ ಹೊತ್ತು ಕಿಟಕಿ ಹತ್ರ ನಿಂತ್ಕೊಂಡು, ಟ್ಯೂಬ್‌ಲೈಟ್ ಬೆಳಕಲ್ಲಲ್ಲ, ಹಗಲು ಬೆಳಕಲ್ಲೇ ಸರಿಯಾಗಿ ನೋಡಿ. ಬಣ್ಣ ಕೆಂಪಾ, ನೇರಳೆನಾ, ಕಂದು ಬಣ್ಣನಾ, ಇಲ್ಲ ಆಗ್ಲೇ ಬೆಳ್ಳಗಾಗ್ಬಿಟ್ಟಿದ್ಯಾ. ಅಗಲ ಎಷ್ಟಿದೆ. ಬೆರಳಲ್ಲಿ ಸವರಿದ್ರೆ ಉಬ್ಬಿದ್ಯಾ, ತಗ್ಗಾಗಿದ್ಯಾ. ಪಕ್ಕದಲ್ಲಿ ಮಕ್ಕಳ ಸ್ಕೇಲ್ ಒಂದು ಇಟ್ಟು ಫೋನಲ್ಲಿ ಫೋಟೋ ತೆಗೆದಿಟ್ಕೊಳಿ, ತಾರೀಖು ತಾನಾಗೇ ಸೇವ್ ಆಗಿರತ್ತೆ. ಆ ಫೋಟೋನ ಲಾಕ್ ಇರೋ ಫೋಲ್ಡರ್‌ಗೆ ಹಾಕಿ, ವಾಟ್ಸಾಪಲ್ಲಿ ಕ್ರೀಮ್ ಮಾರೋರು ಫೋಟೋ ಕಳ್ಸಿ ಅಂದ್ರೆ ದಯವಿಟ್ಟು ಕಳಿಸ್ಬೇಡಿ.

ಇದನ್ನ ಇಷ್ಟು ಒತ್ತಿ ಹೇಳ್ತಿರೋದಕ್ಕೆ ಕಾರಣ ಇದೆ. ನಾನು ಡಿ ಫಾರ್ಮಾ ಓದಿ ತುಮಕೂರಲ್ಲಿ ಮೆಡಿಕಲ್ ಸ್ಟೋರ್ ಕೌಂಟರಲ್ಲಿ ನಿಲ್ಲೋಳು. ಬೇರೆಯವರೆಲ್ಲ ಹೋಗೋವರ್ಗೂ ಪಕ್ಕದಲ್ಲಿ ನಿಂತಿದ್ದು ಆಮೇಲೆ ಮೆಲ್ಲಗೆ "ಅಕ್ಕ, ಗೆರೆ ಹೋಗೋಕೆ ಏನಾದ್ರೂ ಐತಾ, ಸ್ಟ್ರಾಂಗಾಗಿರೋದು ಕೊಡಿ" ಅಂತ ಕೇಳೋರು ಬರ್ತಾನೇ ಇರ್ತಾರೆ, ಹೆಣ್ಮಕ್ಕಳಷ್ಟೇ ಅಲ್ಲ, ಹುಡುಗ್ರೂ ಬರ್ತಾರೆ. ಆ ಸ್ಟ್ರಾಂಗ್ ಅನ್ನೋ ಕ್ರೀಮೇ ಎಷ್ಟೋ ಜನಕ್ಕೆ ಗೆರೆ ಬರೋಕೆ ಕಾರಣ ಆಗಿರತ್ತೆ. ಅದಕ್ಕೇ ಗೆರೆ ಯಾಕೆ ಬಂತು ಅಂತ ಗೊತ್ತಾಗೋಕೆ ಮುಂಚೆ ಏನೂ ಹಚ್ಬೇಡಿ ಅಂತ ನಾನು ಎಲ್ರಿಗೂ ಹೇಳೋದು.

ಒಳಗೆ ಆಗಿರೋದು ಇಷ್ಟು. ಮೇಲ್ಗಡೆ ಕಾಣೋ ಚರ್ಮದ ಕೆಳಗೆ ಡರ್ಮಿಸ್ ಅಂತ ದಪ್ಪ ಪದರ ಇರತ್ತೆ, ಅದರಲ್ಲಿ ಕೊಲಾಜನ್, ಇಲಾಸ್ಟಿನ್ ಅನ್ನೋ ನಾರುಗಳು ಚರ್ಮನ ಹಿಡ್ಕೊಂಡಿರ್ತವೆ. ಮೈ ಬೇಗ ಬೇಗ ಹಿಗ್ಗಿದಾಗ, ಇಲ್ಲ ಸ್ಟೆರಾಯ್ಡ್ (ಉರಿಯೂತ, ಕಡಿತ ಬೇಗ ಇಳಿಸೋ ಜೋರಾದ ಔಷಧಿ) ಆ ನಾರುಗಳ ಶಕ್ತಿನೇ ತಗ್ಗಿಸಿದಾಗ, ಹಳೇ ರೇಷ್ಮೆ ಸೀರೆ ಮಡಿಕೆ ಹತ್ರ ಪಿಸಿಯತ್ತಲ್ಲ ಹಂಗೆ ಆ ಪದರ ಅಲ್ಲಲ್ಲಿ ಪಿಸಿಯತ್ತೆ. ಮೇಲಿನ ಚರ್ಮ ಹರಿಯಲ್ಲ, ರಕ್ತ ಬರಲ್ಲ. ಹೊಸದ್ರಲ್ಲಿ ಅಲ್ಲಿ ರಕ್ತನಾಳ ಹಿಗ್ಗಿರೋದ್ರಿಂದ ಕೆಂಪಾಗೋ ನೇರಳೆಯಾಗೋ ಕಾಣತ್ತೆ, ನಮ್ಮಂಥ ಕಂದು ಮೈಬಣ್ಣದೋರಿಗೆ ಸ್ವಲ್ಪ ಕಪ್ಪಾಗೂ ಕಾಣ್ಬೋದು, ಕೆಲವ್ರಿಗೆ ಕಡಿತನೂ ಇರತ್ತೆ. ತಿಂಗಳುಗಳು ಕಳೀತಾ ಕಳೀತಾ ರಕ್ತನಾಳ ಕಮ್ಮಿಯಾಗಿ ಗೆರೆ ಬೆಳ್ಳಗಾಗಿ, ತೆಳ್ಳಗಾಗಿ, ಮೇಲೆ ಸಣ್ಣ ಸುಕ್ಕು ಬಿದ್ದಂಗೆ ಉಳ್ಕೊಳತ್ತೆ. ಕೆಂಪಿರೋವಾಗ ಚಿಕಿತ್ಸೆ ಹೆಚ್ಚು ಕೇಳತ್ತೆ, ಬೆಳ್ಳಗಾದ್ಮೇಲೆ ಕಮ್ಮಿ. ಬಣ್ಣ ನೋಡಿ ಅಂದಿದ್ದು ಇದಕ್ಕೇ.

ಈಗ ಕಾರಣಕ್ಕೆ ಬರೋಣ. ಬೆಳೆಯೋ ಮಕ್ಕಳಿಂದ ಶುರು ಮಾಡ್ತೀನಿ, ಯಾಕಂದ್ರೆ ಅಪ್ಪ ಅಮ್ಮಂದಿರು ಜಾಸ್ತಿ ಹೆದರೋದು ಇದಕ್ಕೆ. ನಮ್ಮೂರು ಹಾಸ್ಟೆಲ್‌ಗಳ ಊರು, ಪಾವಗಡ ಮಧುಗಿರಿ ಶಿರಾ ಕಡೆಯಿಂದೆಲ್ಲ ಮಕ್ಕಳು ಬಂದು ಓದ್ತಾರೆ. ಹಬ್ಬಕ್ಕೆ ಮನೆಗೆ ಬಂದ ಮಗನ್ನ ಎಣ್ಣೆ ಸ್ನಾನಕ್ಕೆ ಕೂರಿಸ್ದಾಗ ಬೆನ್ನು ನೋಡಿ ಗಾಬರಿ ಬಿದ್ದು ಒಬ್ರು ತಾಯಿ ಅಂಗಡಿಗೆ ಕರ್ಕೊಂಡು ಬಂದಿದ್ರು. "ನೋಡಿ ಮೇಡಂ, ಯಾರೋ ಬೆಲ್ಟಲ್ಲಿ ಬಾರಿಸವ್ರೆ, ಕೇಳಿದ್ರೆ ಯಾರೂ ಇಲ್ಲ ಅಂತಾನೆ." ಹುಡುಗ ತಲೆ ತಗ್ಗಿಸಿ ಶರ್ಟ್ ಎತ್ತಿದ, ಸೊಂಟಕ್ಕಿಂತ ಸ್ವಲ್ಪ ಮೇಲೆ, ಬೆನ್ನುಮೂಳೆಗೆ ಅಡ್ಡಕ್ಕೆ, ಒಂದರ ಮೇಲೊಂದು ಏಣಿ ಮೆಟ್ಟಿಲಿನ ಅಂತರದಲ್ಲಿ ನೇರಳೆ ಗೆರೆಗಳು, ಮುಟ್ಟಿದ್ರೆ ನೋವಿಲ್ಲ. ಪ್ಯಾಂಟ್ ನೋಡಿದ್ರೆ ಕಾಲಿನ ಗಂಟಿಂದ ಮೇಲಕ್ಕೆ ಬಂದಿದೆ, ಅಂದ್ರೆ ಹುಡುಗ ಒಂದೇ ವರ್ಷದಲ್ಲಿ ಸರಕ್ಕಂತ ಉದ್ದ ಆಗಿದಾನೆ. ಹದಿವಯಸ್ಸಲ್ಲಿ ಬೇಗ ಎತ್ತರ ಆಗೋ ಹುಡುಗ್ರಿಗೆ ಬೆನ್ನಲ್ಲಿ ಅಡ್ಡ ಗೆರೆ ಬೀಳೋದು ತೀರ ಸಾಮಾನ್ಯ, ಹುಡುಗೀರಿಗೆ ತೊಡೆ, ಪಿರ್ರೆ, ಎದೆ ಹತ್ರ ಬರತ್ತೆ.

ಹೊಡೆದ ಬಾಸುಂಡೆಗೂ ಇದಕ್ಕೂ ವ್ಯತ್ಯಾಸ ಗೊತ್ತಿರ್ಲಿ. ಬಾಸುಂಡೆ ಮುಟ್ಟಿದ್ರೆ ನೋಯತ್ತೆ, ದಿನ ಕಳೆದಂಗೆ ನೀಲಿಯಿಂದ ಹಸಿರು ಹಳದಿ ಅಂತ ಬಣ್ಣ ಬದಲಾಗಿ ಎರಡು ಮೂರು ವಾರದೊಳಗೆ ಮಾಯ ಆಗತ್ತೆ. ಸ್ಟ್ರೆಚ್ ಮಾರ್ಕ್ ನೋಯಲ್ಲ, ತಿಂಗಳಾದ್ರೂ ಅಲ್ಲೇ ಇರತ್ತೆ. ಆದ್ರೂ ಮಗುನ ಒಂಟಿಯಾಗಿ ಕೂರಿಸ್ಕೊಂಡು ಸಮಾಧಾನವಾಗಿ ಒಂದ್ಸಲ ಕೇಳಿ, ಕೇಳೋದ್ರಲ್ಲಿ ತಪ್ಪಿಲ್ಲ, ಅನುಮಾನ ಉಳಿದ್ರೆ ಡಾಕ್ಟರ್‌ಗೆ ತೋರಿಸಿ. ಬೆಳವಣಿಗೆ ಗೆರೆಗೆ ಚಿಕಿತ್ಸೆ ಬೇಕಾಗಿಲ್ಲ, ವರ್ಷ ಎರಡು ವರ್ಷದಲ್ಲಿ ಬಣ್ಣ ಇಳಿದು ಮೈಗೆ ಹೊಂದ್ಕೊಂಡ್ಬಿಡತ್ತೆ. ಹುಡುಗ ತುಂಬ ತೆಳ್ಳಗೆ ಉದ್ದ ಇದ್ದು, ಕೈಕಾಲು ಬೆರಳು ಅತಿಯಾಗಿ ಉದ್ದ ಇದ್ದು, ಕಣ್ಣಿನ ಪವರ್ ಬೇಗ ಬೇಗ ಏರ್ತಿದ್ರೆ ಮಾತ್ರ ಒಂದ್ಸಲ ಫಿಸಿಷಿಯನ್‌ಗೆ ತೋರಿಸಿ ಹಾರ್ಟ್ ಎಕೋ ಬೇಕಾ ಅಂತ ಕೇಳಿ, ಮಾರ್ಫಾನ್ ಅನ್ನೋ ಅಪರೂಪದ ತೊಂದರೆಯಲ್ಲೂ ಇಂಥ ಗೆರೆ ಬರ್ತವೆ.

ತೂಕ ಬೇಗ ಏರಿದ್ರೂ ಬರತ್ತೆ, ಅದು ಎಲ್ರಿಗೂ ಗೊತ್ತು. ಗೊತ್ತಿಲ್ದಿರೋದು ಏನಂದ್ರೆ ಆಮೇಲೆ ತೂಕ ಇಳಿಸಿದ್ರೂ ಗೆರೆ ಹೋಗಲ್ಲ, ಪಿಸಿದ ಪದರ ಪಿಸಿದಂಗೇ ಇರತ್ತೆ. ಹಂಗಂತ ಉಪವಾಸ ಬಿದ್ದು ಹದಿನೈದು ದಿನಕ್ಕೆ ಇಳಿಸೋದು, ಮತ್ತೆ ಏರಿಸೋದು ಮಾಡಿದ್ರೆ ಇನ್ನೂ ಕಷ್ಟ. ತೂಕ ಏರ್ತಿದೆ, ಜೊತೆಗೆ ಕತ್ತಿನ ಹಿಂದೆ ಕಂಕುಳಲ್ಲಿ ಚರ್ಮ ಕಪ್ಪಾಗಿ ದಪ್ಪಗಾಗಿದೆ, ಮುಟ್ಟು ಸರಿಯಾಗಿ ಆಗ್ತಿಲ್ಲ ಅಂದ್ರೆ ಗೆರೆ ಬಗ್ಗೆ ಯೋಚ್ನೆ ಬಿಟ್ಟು ಶುಗರ್ ಮತ್ತು ಪಿಸಿಓಡಿ (ಅಂಡಾಶಯ, ಹಾರ್ಮೋನಿನ ತೊಂದರೆ) ಟೆಸ್ಟ್ ಮಾಡಿಸಿ. ಜಿಮ್‌ಗೆ ಹೋಗೋ ಹುಡುಗ್ರಿಗೆ ಭುಜ, ಎದೆ ಪಕ್ಕ, ತೋಳಿನ ಸಂದಿ ಹತ್ರ ಬರತ್ತೆ, ಎತ್ತೋ ತೂಕನ ನಿಧಾನಕ್ಕೆ ಏರಿಸ್ಕೊಂಡು ಹೋಗಿ. ಜಿಮ್ಮಲ್ಲಿ ಯಾರೋ ಕೊಟ್ಟ ಇಂಜೆಕ್ಷನ್ ಮಾತ್ರೆ ಏನಾದ್ರೂ ತಗೊಳ್ತಿದ್ರೆ ಗೆರೆ ಅದರಲ್ಲಿ ಚಿಕ್ಕ ವಿಷಯ, ಲಿವರ್, ಹಾರ್ಟು, ಮುಂದೆ ಮಕ್ಕಳಾಗೋ ವಿಷ್ಯ ಎಲ್ಲದಕ್ಕೂ ಪೆಟ್ಟು. ಇನ್ನೊಂದು, ಸೊಂಟದ ಸುತ್ತ ಒಂದೇ ಪಟ್ಟಿಯಾಗಿ ಕಪ್ಪಾಗಿರೋದು ಸ್ಟ್ರೆಚ್ ಮಾರ್ಕ್ ಅಲ್ಲ, ಲಂಗದ ಲಾಡಿ ಬಿಗಿಯಾಗಿ ಕಟ್ಟಿ ಕಟ್ಟಿ ಉಜ್ಜಿ ಆಗಿರೋದು. ಲಾಡಿ ಬದಲು ಅಗಲ ಪಟ್ಟಿ ಹಾಕಿಸಿ, ಅದು ಹುಣ್ಣಾಗಿ ಮಾಯ್ದೆ ಇದ್ರೆ ತಡ ಮಾಡ್ದೆ ತೋರಿಸಿ.

ಈಗ ಮೊದ್ಲು ಹೇಳಿದ ಆ ಸ್ಟ್ರಾಂಗ್ ಕ್ರೀಮಿನ ಟ್ಯೂಬ್ ವಿಷ್ಯ. ಸ್ವಲ್ಪ ಉದ್ದ ಆಗತ್ತೆ, ಪೂರ್ತಿ ಓದಿ.

ಸೆಕೆಗೆ, ಬೆವರಿಗೆ, ಬಿಗಿ ಜೀನ್ಸ್‌ಗೆ ತೊಡೆಸಂದಿಲಿ ಹುಳಕಡ್ಡಿ ಆಗತ್ತೆ, ಕೆಲವ್ರು ಗಜಕರ್ಣ ಅಂತಾರೆ. ನಾಚಿಕೆ, ಡಾಕ್ಟರ್ ಹತ್ರ ಹೋಗಲ್ಲ. ಫ್ರೆಂಡ್ ಹೇಳಿದ ಟ್ಯೂಬ್ ತಗೊಂಡು ಹಚ್ತಾರೆ, ಎರಡೇ ದಿನಕ್ಕೆ ಕಡಿತ ನಿಂತೋಗತ್ತೆ, ಆಹಾ ಒಳ್ಳೇ ಔಷಧಿ ಅನ್ಸತ್ತೆ. ಬಿಟ್ರೆ ವಾರಕ್ಕೆ ಮತ್ತೆ ಬರತ್ತೆ, ಮತ್ತೆ ಹಚ್ತಾರೆ, ಹಿಂಗೇ ತಿಂಗಳುಗಟ್ಟಲೆ. ಒಂದಿನ ನೋಡಿದ್ರೆ ತೊಡೆ ಒಳಭಾಗದಲ್ಲಿ ಅಗಲಗಲ ಗೆರೆ, ಚರ್ಮ ತೆಳ್ಳಗಾಗಿ ಹೊಳೀತಿದೆ. ಆ ಟ್ಯೂಬಲ್ಲಿ ಕಡಿತ ನಿಲ್ಲಿಸಿದ್ದು ಸ್ಟೆರಾಯ್ಡ್, ಫಂಗಸ್ ಸತ್ತಿರಲ್ಲ. ತೊಡೆಸಂದಿ, ಕಂಕುಳು, ಸ್ತನದ ಕೆಳಗೆ ಚರ್ಮ ಚರ್ಮಕ್ಕೆ ಅಂಟೋ ಜಾಗ, ಅಲ್ಲಿ ಔಷಧಿ ಒಳಗೆ ಇಳಿಯೋದು ಜಾಸ್ತಿ, ಅದಕ್ಕೇ ಅಂಗೈ ಮೇಲೆ ಆಗ್ದೆ ಇರೋ ಅನಾಹುತ ಅಲ್ಲಿ ಕೆಲವೇ ವಾರದಲ್ಲಿ ಆಗತ್ತೆ.

ನಿಮ್ಮ ಮನೇಲಿರೋ ಟ್ಯೂಬ್ ತಗೊಳಿ, ಮುಂದಿನ ದೊಡ್ಡ ಹೆಸರು ಬಿಡಿ, ಹಿಂದ್ಗಡೆ ಸಣ್ಣಕ್ಷರದಲ್ಲಿ ಕಾಂಪೊಸಿಷನ್ ಅಂತ ಇರತ್ತಲ್ಲ ಅದನ್ನ ಓದಿ. ಕ್ಲೊಬೆಟಸಾಲ್, ಬೀಟಾಮೆಥಾಸೋನ್, ಮೊಮೆಟಸೋನ್, ಫ್ಲೂಸಿನೊಲೋನ್, ಬೆಕ್ಲೊಮೆಥಾಸೋನ್, ಇದರಲ್ಲಿ ಯಾವುದಿದ್ರೂ ಅದು ಸ್ಟೆರಾಯ್ಡ್. ಕ್ಲೊಬೆಟಸಾಲ್ ಅಂತೂ ಅತಿ ಸ್ಟ್ರಾಂಗ್ ಗುಂಪಿಂದು. ಸಣ್ಣಕ್ಷರ ಕಾಣ್ಲಿಲ್ಲ ಅಂದ್ರೆ ಫೋಟೋ ತೆಗ್ದು ದೊಡ್ಡದ್ ಮಾಡಿ ಓದಿ. ಹುಳಕಡ್ಡಿಗೆ ಅಂತ ಸಿಗೋ ಎಷ್ಟೋ ಮಿಶ್ರಣದಲ್ಲಿ ಒಂದು ಸ್ಟೆರಾಯ್ಡ್, ಒಂದು ಆಂಟಿಬಯಾಟಿಕ್, ಒಂದು ಆಂಟಿಫಂಗಲ್ ಮೂರೂ ಸೇರಿಸಿರ್ತಾರೆ. ಮುಖ ಬೆಳ್ಳಗಾಗೋಕೆ ಅಂತ ಹಚ್ಕೊಳೋ ಕೆಲವು ಟ್ಯೂಬಲ್ಲಿ ಹೈಡ್ರೊಕ್ವಿನೋನ್, ಟ್ರೆಟಿನಾಯಿನ್ ಜೊತೆ ಮೊಮೆಟಸೋನ್ ಇರತ್ತೆ, ಅದು ಕೆನ್ನೆ ಮೇಲಿನ ಬಂಗಿಗೆ ಡಾಕ್ಟರ್ ಸ್ವಲ್ಪ ದಿನಕ್ಕೆ ಬರೆಯೋ ಔಷಧಿ, ಮದುವೆ ಫೋಟೋಗೆ ಹಚ್ಕೊಳೋ ಕ್ರೀಮಲ್ಲ. 2018ರಲ್ಲಿ ಕೇಂದ್ರ ಸರ್ಕಾರ ಇಂಥ ಸ್ಟೆರಾಯ್ಡ್ ಕ್ರೀಮುಗಳನ್ನ ಶೆಡ್ಯೂಲ್ ಎಚ್‌ಗೆ ತಂತು, ಅಂದ್ರೆ ಡಾಕ್ಟರ್ ಚೀಟಿ ಇಲ್ದೆ ಮಾರೋ ಹಾಗಿಲ್ಲ. ಚೀಟಿ ಕೇಳಿದ್ರೆ ಗಿರಾಕಿಗಳಿಗೆ ಸಿಟ್ಟು ಬರತ್ತೆ, ಪಕ್ಕದಂಗಡೀಲಿ ಕೊಡ್ತಾರೆ ಬಿಡಿ ಅಂತ ಹೋಗ್ತಾರೆ. ಹೋಗ್ಲಿ, ನಾನು ಕೊಡಲ್ಲ, ನೀವೂ ಯಾರ ಮಾತು ಕೇಳಿನೂ ತಗೋಬೇಡಿ.

ಆದ್ರೆ ಒಂದು ಮಾತು, ಸ್ಟೆರಾಯ್ಡ್ ಕ್ರೀಮ್ ಅಂದ್ರೆ ವಿಷ ಅಂತಲ್ಲ. ಎಕ್ಸಿಮಾ, ಸೋರಿಯಾಸಿಸ್‌ಗೆ ಡಾಕ್ಟರ್ ಜಾಗ ನೋಡಿ, ದಿನ ಲೆಕ್ಕ ಹಾಕಿ ಬರ್ದಿದ್ರೆ ಹೆದರ್ದೆ ಹಚ್ಚಿ, ಅವರು ಹೇಳಿದಷ್ಟು ದಿನ ಮಾತ್ರ. ಹಾಳು ಮಾಡೋದು ನಮ್ಮಷ್ಟಕ್ಕೆ ನಾವೇ ಮುಂದುವರಿಸೋದು.

ಹುಳಕಡ್ಡಿಗೆ ಹಚ್ಚಿ ಗೆರೆ ಬಂದಿದ್ರೆ ಹಿಂಗೆ ಮಾಡಿ. ಟ್ಯೂಬ್ ನಿಲ್ಲಿಸಿ ಆ ವಾರದಲ್ಲೇ ಚರ್ಮದ ಡಾಕ್ಟರ್‌ಗೆ ತೋರಿಸಿ, ನಿಲ್ಲಿಸಿದ ತಕ್ಷಣ ಹುಳಕಡ್ಡಿ ಒಂದ್ಸಲ ಕೆರಳತ್ತೆ, ಕಡಿತ ತಡೆಯೋಕಾಗ್ದೆ ಜನ ಮತ್ತೆ ಅದನ್ನೇ ಹಚ್ತಾರೆ. ಸ್ಟೆರಾಯ್ಡ್ ಇಲ್ದಿರೋ ಆಂಟಿಫಂಗಲ್ ಕ್ರೀಮ್, ಬೇಕಾದ್ರೆ ಮಾತ್ರೆನೂ ಕೊಡ್ತಾರೆ, ಕಲೆ ಹೋದ್ಮೇಲೂ ಅವರು ಹೇಳಿದಷ್ಟು ದಿನ ಹಚ್ಲೇಬೇಕು. ಒಳಬಟ್ಟೆ ಟವೆಲ್ ಬಿಸಿನೀರಲ್ಲಿ ಒಗೆದು ಬಿಸಿಲಿಗೆ ಹಾಕಿ, ಬಚ್ಚಲುಮನೆ ಒಳಗೆ ಒಣಗಿಸ್ಬೇಡಿ, ಮನೇಲಿ ಇನ್ನೊಬ್ರಿಗೂ ಇದ್ರೆ ಇಬ್ರೂ ಒಟ್ಟಿಗೆ ಔಷಧಿ ತಗೊಳಿ. ಮುಖಕ್ಕೆ ತಿಂಗಳುಗಟ್ಟಲೆ ಹಚ್ಚಿದೋರು ನಿಲ್ಲಿಸಿದ್ರೆ ಮುಖ ಕೆಂಪಾಗಿ ಉರಿಯತ್ತೆ, ಗುಳ್ಳೆ ಏಳತ್ತೆ, ಅದನ್ನ ಹೆಂಗೆ ನಿಲ್ಲಿಸ್ಬೇಕು ಅಂತ ಡಾಕ್ಟರ್ ಹೇಳ್ಲಿ. ಸ್ಟೆರಾಯ್ಡಿಂದ ಬಂದ ಗೆರೆ ಪೂರ್ತಿ ಅಳಿಸಲ್ಲ, ಆದ್ರೆ ನಿಲ್ಲಿಸಿದ್ರೆ ಹೊಸದು ಬರೋದು ನಿಲ್ಲತ್ತೆ, ಇರೋದರ ಬಣ್ಣ ನಿಧಾನಕ್ಕೆ ಇಳಿಯತ್ತೆ.

ಇದಕ್ಕಿಂತ ಗಂಭೀರವಾದದ್ದು ಇನ್ನೊಂದಿದೆ. ಗೆರೆ ಒಂದು ಸೆಂಟಿಮೀಟರಿಗಿಂತ ಅಗಲ, ಗಾಢ ನೇರಳೆ, ಹೊಟ್ಟೆ ಮೇಲೆ ತೊಡೆ ಮೇಲೆ ಸಾಲಾಗಿ ಬಂದಿದೆ, ಜೊತೆಗೆ ಮುಖ ದುಂಡಗೆ ಊದ್ಕೊಂಡಿದೆ, ಹೊಟ್ಟೆ ದಪ್ಪ ಆಗಿ ಕೈಕಾಲು ಸಣ್ಣ ಆಗಿವೆ, ಕತ್ತಿನ ಹಿಂದೆ ಕೊಬ್ಬು ಗುಡ್ಡೆ ಕಟ್ಟಿದೆ, ಸ್ವಲ್ಪ ತಾಗಿದ್ರೂ ಚರ್ಮ ನೀಲಿಗಟ್ಟತ್ತೆ, ಕುಕ್ಕರಗಾಲಲ್ಲಿ ಕೂತ್ರೆ ಏಳೋಕೆ ಕೈ ಊರ್ಬೇಕು, ಬಿಪಿ ಶುಗರ್ ಹೊಸದಾಗಿ ಬಂದಿದೆ ಅಂದ್ರೆ ಅದು ಮೈಯಲ್ಲಿ ಕಾರ್ಟಿಸಾಲ್ (ದೇಹ ತಾನೇ ಮಾಡ್ಕೊಳೋ ಸ್ಟೆರಾಯ್ಡ್) ಜಾಸ್ತಿ ಆಗಿರೋ ಲಕ್ಷಣ ಇರ್ಬೋದು, ಕುಶಿಂಗ್ ಸಿಂಡ್ರೋಮ್ ಅಂತಾರೆ. ಪಿಟ್ಯೂಟರಿ ಅಥವಾ ಅಡ್ರಿನಲ್ ಗ್ರಂಥಿಯ ಗೆಡ್ಡೆಯಿಂದ ಆಗ್ಬೋದು, ಅದು ಅಪರೂಪ. ಹೆಚ್ಚಾಗಿ ಕಾರಣ ಹೊರಗಿಂದ ಹೋಗಿರೋ ಸ್ಟೆರಾಯ್ಡೇ. ಮಂಡಿನೋವಿಗೆ, ದಮ್ಮಿಗೆ ಅಂತ ಎಲ್ಲೋ ಕೊಡೋ ಹೆಸರಿಲ್ದಿರೋ ಪುಡಿ, ಪೊಟ್ಟಣದಲ್ಲಿ ಕಟ್ಟಿಕೊಡೋ ಮಾತ್ರೆ, ತಿಂದ ದಿನವೇ ನೋವು ಮಾಯ, ಹಸಿವು ಜೋರು, ಮುಖ ತುಂಬ್ಕೊಂಡು ಆರೋಗ್ಯ ಬಂದಂಗೆ ಕಾಣತ್ತೆ. ಅದರಲ್ಲಿ ಸ್ಟೆರಾಯ್ಡ್ ಬೆರೆಸಿರೋ ಸಾಧ್ಯತೆ ಇದ್ದೇ ಇರತ್ತೆ. ನಿಮ್ಮನೇಲಿ ಅಜ್ಜಿಗೋ ಅಪ್ಪಂಗೋ ಇಂಥದ್ದು ನಡೀತಿದ್ರೆ ದಯವಿಟ್ಟು ಇವತ್ತೇ ಬಿಸಾಕಿಬಿಡ್ಬೇಡಿ, ಹಠಾತ್ತಾಗಿ ನಿಲ್ಲಿಸಿದ್ರೆ ಬಿಪಿ ಬಿದ್ದು ವಾಂತಿ ಸುಸ್ತಾಗಿ ಪ್ರಾಣಕ್ಕೇ ಅಪಾಯ, ಯಾಕಂದ್ರೆ ದೇಹ ತಾನೇ ಕಾರ್ಟಿಸಾಲ್ ಮಾಡೋದನ್ನ ನಿಲ್ಲಿಸಿರತ್ತೆ. ಪೊಟ್ಟಣ ಸಮೇತ ಫಿಸಿಷಿಯನ್ ಹತ್ರ ಕರ್ಕೊಂಡ್ ಹೋಗಿ, ಅವರು ಮೂತ್ರ, ಎಂಜಲು, ರಕ್ತದ ಕಾರ್ಟಿಸಾಲ್ ಟೆಸ್ಟ್ ಮಾಡಿಸಿ ಹಂತ ಹಂತವಾಗಿ ಇಳಿಸ್ತಾರೆ.

ಬಸುರಿಯರ ವಿಷ್ಯ. ಅರ್ಧಕ್ಕಿಂತ ಹೆಚ್ಚು ಬಸುರಿಯರಿಗೆ ಗೆರೆ ಬರತ್ತೆ, ಅಮ್ಮಂಗೆ ಬಂದಿದ್ರೆ ಮಗಳಿಗೂ ಬರೋ ಸಾಧ್ಯತೆ ಜಾಸ್ತಿ, ಚಿಕ್ಕ ವಯಸ್ಸಲ್ಲಿ ಬಸುರಿಯಾದೋರಿಗೆ ಇನ್ನೂ ಜಾಸ್ತಿ. ಕಡಿತ ಬಂದಾಗ ಕೆರೆದಿದ್ದಕ್ಕೆ ಗೆರೆ ಬಿತ್ತು ಅಂತ ಅತ್ತೆ ಬೈದ್ರೆ ನಂಬ್ಬೇಡಿ, ಕೆರೆದ್ರೆ ಗಾಯ ಆಗತ್ತೆ ಅಷ್ಟೆ, ಗೆರೆ ಬರೋದು ಒಳಗಿಂದ. ಸಾವಿರಾರು ರೂಪಾಯಿಯ ಕ್ರೀಮು, ಎಣ್ಣೆ ಹಚ್ಚಿದ್ರೆ ಬರದಂಗೆ ತಡೀಬೋದಾ? 2012ರಲ್ಲಿ ಕಾಕ್ರೇನ್ ಅನ್ನೋ ಸಂಸ್ಥೆ 800 ಬಸುರಿಯರ ಮೇಲೆ ನಡೆದ ಆರು ಅಧ್ಯಯನಗಳನ್ನ ಒಟ್ಟಿಗೆ ಇಟ್ಟು ನೋಡಿದಾಗ, ಹಚ್ಚಿದ್ರೆ ಗೆರೆ ತಡೆಯತ್ತೆ ಅನ್ನೋಕೆ ಗಟ್ಟಿ ಸಾಕ್ಷಿ ಸಿಗ್ಲಿಲ್ಲ. ಅದಕ್ಕೇ ನಾನು ಹೇಳೋದು, ತಿಪಟೂರು ಕೊಬ್ಬರಿ ಊರಲ್ಲಿ ಹುಟ್ಟಿ ನಾವು ದುಬಾರಿ ಬಾಟಲಿ ಯಾಕೆ ತರ್ಬೇಕು, ಗಾಣದ ಕೊಬ್ಬರಿ ಎಣ್ಣೆ ಹಚ್ಚಿ, ಚರ್ಮ ಒಣಗಲ್ಲ, ಕಡಿತ ಕಮ್ಮಿ ಆಗತ್ತೆ, ಗೆರೆ ತಡೆಯತ್ತೆ ಅಂತ ಆಸೆ ಇಟ್ಕೋಬೇಡಿ.

ಬಸುರಿಯರು ಒಂದನ್ನ ಮಾತ್ರ ಮರೀಲೇಬಾರ್ದು. ಕೊನೇ ತಿಂಗಳುಗಳಲ್ಲಿ ಹೊಟ್ಟೆ ಗೆರೆ ಮೇಲೆ ಕೆಂಪು ದದ್ದು ಎದ್ದು ಕಡಿದ್ರೆ ಅದು ಕಿರಿಕಿರಿ ಅಷ್ಟೆ, ಮಗುಗೆ ಏನೂ ಆಗಲ್ಲ, ಹೆರಿಗೆ ಆದ್ಮೇಲೆ ಹೋಗತ್ತೆ, ಆದ್ರೂ ಡಾಕ್ಟರ್‌ಗೆ ತೋರಿಸಿ ಔಷಧಿ ತಗೊಳಿ. ಆದ್ರೆ ಮೈಮೇಲೆ ದದ್ದೇ ಇಲ್ಲ, ಅಂಗೈ ಅಂಗಾಲು ರಾತ್ರಿ ಹೊತ್ತು ತಡೆಯೋಕಾಗ್ದಂಗೆ ಕಡೀತಿದೆ ಅಂದ್ರೆ ಅದು ಲಿವರ್‌ನಿಂದ ಪಿತ್ತ ರಕ್ತಕ್ಕೆ ಸೇರ್ತಿರೋದು ಇರ್ಬೋದು, ಹೊಟ್ಟೆಯೊಳಗಿನ ಮಗುಗೆ ಅಪಾಯ. ಮಾರನೇ ದಿನಾನೇ ಹೆರಿಗೆ ಡಾಕ್ಟರ್ ಹತ್ರ ಹೋಗಿ ಬೈಲ್ ಆಸಿಡ್, ಲಿವರ್ ಟೆಸ್ಟ್ ಬೇಕಾ ಅಂತ ನೀವಾಗೇ ಕೇಳಿ. ಶೆಖೆಗೆ ಕಡಿತ, ಲಾಕ್ಟೋಕ್ಯಾಲಮೈನ್ ಲೋಷನ್ ಹಚ್ಕೋ ಅಂತ ಮನೇಲಿ ಹೇಳಿದ್ರೆ ಕೂರ್ಬೇಡಿ.

ಇನ್ನು ಚಿಕಿತ್ಸೆ. ಗೆರೆ ಇನ್ನೂ ಕೆಂಪು ನೇರಳೆ ಇದ್ರೆ, ಬಸುರಿ ಅಲ್ಲ, ಸದ್ಯಕ್ಕೆ ಮಗು ಪ್ಲಾನ್ ಇಲ್ಲ, ಮಗುಗೆ ಹಾಲು ಕುಡಿಸ್ತಿಲ್ಲ ಅಂದ್ರೆ ಡಾಕ್ಟರ್ ಟ್ರೆಟಿನಾಯಿನ್ ಕ್ರೀಮ್ ಬರೀಬೋದು, ವಿಟಮಿನ್ ಎ ಗುಂಪಿನ ಔಷಧಿ. ಹೊಸ ಗೆರೆ ಮೇಲೆ ಆರು ತಿಂಗಳು ಹಚ್ಚಿದ್ರೆ ಉದ್ದ ಅಗಲ ಕಮ್ಮಿ ಆಗಿರೋದು ಅಧ್ಯಯನದಲ್ಲಿ ಕಂಡಿದೆ, ಅದು 0.1 ಪರ್ಸೆಂಟ್ ಶಕ್ತಿದು. ಇಲ್ಲಿ ಸಾಮಾನ್ಯವಾಗಿ 0.025 ಇಂದ ಶುರು ಮಾಡಿ ಏರಿಸ್ತಾರೆ, ಯಾಕಂದ್ರೆ ಶುರುವಲ್ಲಿ ಚರ್ಮ ಕೆಂಪಾಗಿ ಸಿಪ್ಪೆ ಏಳತ್ತೆ. ರಾತ್ರಿ ಮಾತ್ರ, ಒಣ ಚರ್ಮಕ್ಕೆ, ಗೆರೆ ಮೇಲಷ್ಟೇ ತೆಳ್ಳಗೆ, ಮೊದಲೆರಡು ವಾರ ದಿನ ಬಿಟ್ಟು ದಿನ, ಮೇಲೆ ಮಾಯಿಶ್ಚರೈಸರ್. ಉರಿ ತಡೆಯೋಕಾಗ್ಲಿಲ್ಲ ಅಂದ್ರೆ ನಾಲ್ಕು ದಿನ ಬಿಟ್ಟು ಮತ್ತೆ ಶುರು ಮಾಡಿ. ತೋಳು ಕಾಲು ಹೊರಗೆ ಕಾಣೋ ಜಾಗ ಆದ್ರೆ ಹಗಲು ಸನ್‌ಸ್ಕ್ರೀನ್ ಹಚ್ಚಿ, ಸುತ್ತಲಿನ ಚರ್ಮ ಬಿಸಿಲಿಗೆ ಕಪ್ಪಾದಷ್ಟೂ ಬಿಳಿ ಗೆರೆ ಎದ್ದು ಕಾಣತ್ತೆ. ತೊಡೆಸಂದಿ ಥರ ಮಡಿಕೆ ಜಾಗಕ್ಕೆ ಕೇಳದೆ ಹಚ್ಬೇಡಿ.

ಒಂದೆಲಗದ ಸಾರ, ಹೈಯಲುರಾನಿಕ್ ಆಸಿಡ್ ಇರೋ ಕ್ರೀಮುಗಳಿಂದ ಸ್ವಲ್ಪ ಅನುಕೂಲ ಕಂಡಿದೆ, ಸ್ವಲ್ಪ ಅಷ್ಟೆ, ದಿನಾ ತಿಂಗಳುಗಟ್ಟಲೆ ಮೃದುವಾಗಿ ತಿಕ್ಕಿ ಹಚ್ಬೇಕು. ಕೊಕೊ ಬಟರ್, ಆಲಿವ್ ಎಣ್ಣೆ ಪರೀಕ್ಷೆ ಮಾಡಿ ನೋಡಿದಾಗ ಗೆರೆಗೆ ಉಪಯೋಗ ಕಾಣ್ಲಿಲ್ಲ. ನಿಂಬೆಹಣ್ಣು, ಅಡುಗೆ ಸೋಡ, ಟೂತ್‌ಪೇಸ್ಟ್, ಸುಣ್ಣ, ಪ್ಯೂಮಿಸ್ ಕಲ್ಲಲ್ಲಿ ಉಜ್ಜೋದು, ಇವೆಲ್ಲ ಮೇಲಿನ ಚರ್ಮ ಸುಡ್ತವೆ, ಗೆರೆ ಇರೋದು ಕೆಳಗಿನ ಪದರದಲ್ಲಿ. ನಿಂಬೆ ರಸ ಹಚ್ಚಿ ಬಿಸಿಲಿಗೆ ಹೋದ್ರಂತೂ ಬೊಬ್ಬೆ ಎದ್ದು ತಿಂಗಳುಗಟ್ಟಲೆ ಕಪ್ಪು ಕಲೆ ಉಳ್ಕೊಳತ್ತೆ.

ಕ್ಲಿನಿಕ್ಕಲ್ಲಿ ಮಾಡೋದು ಮುಖ್ಯವಾಗಿ ಎರಡು ಥರ, ಲೇಸರ್ ಮತ್ತೆ ಮೈಕ್ರೊನೀಡ್ಲಿಂಗ್. ಕೆಂಪು ಗೆರೆಗೆ ಪಲ್ಸ್ಡ್ ಡೈ ಲೇಸರ್ ರಕ್ತನಾಳನ ಗುರಿ ಮಾಡತ್ತೆ, ಹಳೇ ಬಿಳಿ ಗೆರೆಗೆ ಫ್ರ್ಯಾಕ್ಷನಲ್ ಲೇಸರ್ ಅಥವಾ ಸಣ್ಣ ಸೂಜಿಗಳಿಂದ ಚುಚ್ಚಿ ಹೊಸ ಕೊಲಾಜನ್ ಬರಿಸೋದು. ನಮ್ಮ ಮೈಬಣ್ಣಕ್ಕೆ ಲೇಸರ್ ಆದ್ಮೇಲೆ ಆ ಜಾಗ ಕಪ್ಪಾಗೋ ಸಾಧ್ಯತೆ ಜಾಸ್ತಿ, ಅದಕ್ಕೇ ಎಷ್ಟೋ ಡಾಕ್ಟರ್‌ಗಳು ಮೈಕ್ರೊನೀಡ್ಲಿಂಗ್ ಕಡೆ ಒಲೀತಾರೆ, ಅದರಲ್ಲೂ ಕಪ್ಪಾಗ್ಬೋದು ಆದ್ರೆ ಕಮ್ಮಿ. ತಿಂಗಳಿಗೊಂದು ಸಿಟ್ಟಿಂಗ್ ಥರ ಹಲವು ಸಿಟ್ಟಿಂಗ್ ಬೇಕು, ಪ್ರತಿಯೊಂದಕ್ಕೂ ಸಾವಿರಗಟ್ಟಲೆ, ಇನ್ಶೂರೆನ್ಸ್ ಇದಕ್ಕೆ ಬರಲ್ಲ. ಗೆರೆ ಮಸುಕಾಗತ್ತೆ, ಚರ್ಮ ಸ್ವಲ್ಪ ಸಮ ಆಗತ್ತೆ, ಪೂರ್ತಿ ಹೋಗಲ್ಲ. ಪೂರ್ತಿ ತೆಗೀತೀವಿ ಅಂತ ಗ್ಯಾರಂಟಿ ಬೋರ್ಡ್ ಹಾಕಿರೋ ಕಡೆ ದುಡ್ಡು ಕಟ್ಬೇಡಿ. ಕಟ್ಟೋಕೆ ಮುಂಚೆ ಕೇಳಿ: ನನ್ನಂಥ ಬಣ್ಣದೋರಿಗೆ ಮಾಡಿದ ಮುಂಚಿನ ಆಮೇಲಿನ ಫೋಟೋ ಇದ್ಯಾ, ಒಂದು ಸಣ್ಣ ಜಾಗದಲ್ಲಿ ಟ್ರಯಲ್ ಮಾಡ್ತೀರಾ, ಕಪ್ಪಾದ್ರೆ ಏನ್ ಮಾಡ್ತೀರಾ, ಮಷಿನ್ ಹಿಡಿಯೋರು ಡಾಕ್ಟರಾ ಇಲ್ಲ ಅಸಿಸ್ಟೆಂಟಾ. ಹೆಸರಿನ ಮುಂದೆ ಎಂಡಿ ಡರ್ಮಟಾಲಜಿ, ಡಿಡಿವಿಎಲ್, ಡಿವಿಡಿ, ಡಿಎನ್‌ಬಿ ಡರ್ಮಟಾಲಜಿ, ಇಂಥ ಚರ್ಮರೋಗದ ಓದು ಇದ್ಯಾ ನೋಡಿ. ಆನ್‌ಲೈನಲ್ಲಿ ಸಿಗೋ ಮುಳ್ಳಿನ ರೋಲರ್ ತಂದು ಮನೇಲಿ ಉಜ್ಜಿದ್ರೆ ಇನ್ಫೆಕ್ಷನ್ ಆಗತ್ತೆ, ಅಕ್ಕತಂಗೀರು ಒಂದನ್ನೇ ಹಂಚ್ಕೊಂಡ್ರಂತೂ ರಕ್ತದಿಂದ ಹರಡೋ ಕಾಯಿಲೆಗೆ ದಾರಿ.

ಏನೂ ಮಾಡ್ದೆ ಬಿಡೋದೂ ಒಂದು ಸರಿಯಾದ ತೀರ್ಮಾನನೇ, ಇದನ್ನ ಯಾವ ಅಂಗಡಿಯೋರೂ ಹೇಳಲ್ಲ, ನಾನು ಹೇಳ್ತೀನಿ. ಕಾರಣ ಗೊತ್ತಾಯ್ತು, ಕೆಟ್ಟದ್ದೇನಿಲ್ಲ ಅಂತಾಯ್ತು ಅಂದ್ರೆ ಕಾಲವೇ ಬಣ್ಣ ಇಳಿಸತ್ತೆ. ಮದುವೆ ಹತ್ರ ಬಂದಿದೆ, ಬ್ಲೌಸಿನ ತೋಳಿನ ಕೆಳಗೆ ಕಾಣತ್ತೆ ಅನ್ನೋ ಚಿಂತೆ ಇದ್ರೆ ಟೈಲರ್‌ಗೆ ಹೇಳಿ ತೋಳು ಎರಡಿಂಚು ಉದ್ದ ಇಡಿಸಿ, ಇಲ್ಲ ಕಲೆ ಮುಚ್ಚೋ ವಾಟರ್‌ಪ್ರೂಫ್ ಕನ್ಸೀಲರ್ ನಿಮ್ಮ ತೋಳಿನ ಬಣ್ಣಕ್ಕೆ, ಮುಖದ ಬಣ್ಣಕ್ಕಲ್ಲ, ಹೊಂದಿಸಿ ತಗೊಂಡು ತೆಳ್ಳಗೆ ತಟ್ಟಿ ಮೇಲೆ ಪೌಡರ್ ಹಾಕಿ. ನಿಶ್ಚಿತಾರ್ಥಕ್ಕೆ ಹದಿನೈದು ದಿನ ಇದೆ ಏನಾದ್ರೂ ಮಾಡಿ ಅಂತ ಬರ್ತಾರೆ, ಹದಿನೈದು ದಿನಕ್ಕೆ ಗೆರೆ ಇಳಿಸೋ ಔಷಧಿ ಇಲ್ಲ, ಆ ಗಡಿಬಿಡಿಲಿ ಹೊಸ ಕ್ರೀಮ್ ಹಚ್ಚಿ ಅಲರ್ಜಿ ಮಾಡ್ಕೋಬೇಡಿ.

ಮನಸ್ಸಿನ ಭಾರ ನಿಜ. ಪಿಯುಸಿ ಹುಡುಗಿ ಒಬ್ಳು ಪಿಟಿ ಡ್ರೆಸ್ ಹಾಕಲ್ಲ ಅಂತ ಮನೇಲಿ ಹಠ ಮಾಡಿದ್ದು ಗೆರೆಗೆ ಅಂತ ಅವಳಮ್ಮಂಗೆ ಗೊತ್ತಾಗಿದ್ದು ತಿಂಗಳುಗಳು ಕಳೆದ್ಮೇಲೆ. ಮಕ್ಕಳು ಇಂಥದ್ದು ಬಾಯ್ಬಿಟ್ಟು ಹೇಳಲ್ಲ, ಬಟ್ಟೆ ಬದಲಾಯಿಸೋವಾಗ ಬಾಗಿಲು ಹಾಕ್ಕೊಳೋದು, ಈಜೋಕೆ ಬರಲ್ಲ ಅನ್ನೋದು, ಹೀಗೆ ಗೊತ್ತಾಗತ್ತೆ. ಅಮ್ಮಂದಿರೇ, ನಿಮ್ಮ ಹೊಟ್ಟೆ ಮೇಲಿನ ಗೆರೆ ಮಗಳಿಗೆ ತೋರ್ಸಿ, ನಂಗೂ ಇದೆ ಕಣೇ ಅನ್ನಿ, ಅಷ್ಟರಿಂದಲೇ ಅರ್ಧ ಭಯ ಹೋಗತ್ತೆ. ತೂಕದ ಬಗ್ಗೆ ಊಟದ ತಟ್ಟೆ ಮುಂದೆ ಮಾತಾಡ್ಬೇಡಿ. ಗಂಡಂದಿರು ಹೆಂಡ್ತಿ ಹೊಟ್ಟೆ ನೋಡಿ ತಮಾಷೆ ಮಾಡೋದು ನಿಲ್ಲಿಸಿ, ಅವಳು ನಗ್ತಾಳೆ ನಿಜ, ಆಮೇಲೆ ನಮ್ಮ ಅಂಗಡಿಗೆ ಬಂದು ಕ್ರೀಮ್ ಕೇಳ್ತಾಳೆ. ಕನ್ನಡಿ ಮುಂದೆ ನಿಲ್ಲೋಕೇ ಆಗ್ತಿಲ್ಲ, ಊಟ ಬಿಡ್ತಿದೀನಿ, ಹೊರಗೆ ಹೋಗೋಕೆ ಮನಸ್ಸಿಲ್ಲ ಅನ್ನೋ ಮಟ್ಟಕ್ಕೆ ಬಂದ್ರೆ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಮನಸ್ಸಿನ ತೊಂದರೆಗೆ ಸರ್ಕಾರದ ಸಹಾಯವಾಣಿ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡ್ಬೋದು.

ಡಾಕ್ಟರ್‌ಗೆ ತೋರಿಸ್ಬೇಕು ಅಂದ್ರೆ ಮೊದಲನೇ ಸಲಕ್ಕೆ ಬೆಂಗಳೂರಿಗೆ ಓಡ್ಬೇಕಾಗಿಲ್ಲ. ತುಮಕೂರಲ್ಲಿ ಜಿಲ್ಲಾಸ್ಪತ್ರೆ ಇದೆ, ಅಗಳಕೋಟೆ ಹತ್ರ ಸಿದ್ಧಾರ್ಥ ಮೆಡಿಕಲ್ ಕಾಲೇಜ್ ಇದೆ, ಕೋಲಾರದೋರಿಗೆ ಎಸ್‌ಎನ್‌ಆರ್ ಜಿಲ್ಲಾಸ್ಪತ್ರೆ, ಟಮಕದಲ್ಲಿ ಜಾಲಪ್ಪ ಆಸ್ಪತ್ರೆ ಇದೆ, ಚಿಕ್ಕಬಳ್ಳಾಪುರದಲ್ಲೂ ಈಗ ಸರ್ಕಾರಿ ಮೆಡಿಕಲ್ ಕಾಲೇಜ್ ಆಗಿದೆ. ಬೆಳಗ್ಗೆ ಬೇಗ ಹೋಗಿ ಚೀಟಿ ಮಾಡಿಸಿ, ಚರ್ಮರೋಗ ವಿಭಾಗ ಅಂತ ಹೇಳಿ. ಇಷ್ಟು ದಿನ ಹಚ್ಚಿದ ಟ್ಯೂಬೆಲ್ಲ, ಖಾಲಿ ಆಗಿರೋದೂ ಸೇರಿ, ಒಂದು ಕವರಲ್ಲಿ ಹಾಕ್ಕೊಂಡು ಹೋಗಿ, ತಿಂದ ಪುಡಿ ಮಾತ್ರೆ ಇನ್‌ಹೇಲರ್ ಯಾವುದೂ ಮುಚ್ಚಿಡ್ಬೇಡಿ, ಬೈತಾರೆ ಅಂತ ಹೆದರ್ಬೇಡಿ, ಅವರಿಗೆ ಕಾರಣ ಹುಡುಕೋಕೆ ಅದೇ ಬೇಕು. ಸಡಿಲ ಬಟ್ಟೆ ಹಾಕ್ಕೊಂಡು ಹೋಗಿ, ತೋರ್ಸೋಕೆ ಸುಲಭ. ತೊಡೆ ಭಾಗ ಆದ್ರೆ, ಲೇಡಿ ಡಾಕ್ಟರ್ ಬೇಕು ಅಂತ ಇದ್ರೆ ಒಳಗೆ ಹೋದ್ಮೇಲೆ ಸಂಕೋಚ ಪಡೋದಕ್ಕಿಂತ ಹೊರಗೆ ಸಿಸ್ಟರ್‌ಗೇ ಹೇಳಿ, ಇದ್ರೆ ಅವರ ಹತ್ರ ಕಳಿಸ್ತಾರೆ, ಇಲ್ದಿದ್ರೆ ಪರೀಕ್ಷೆ ಮಾಡೋವಾಗ ಸಿಸ್ಟರ್ ಪಕ್ಕದಲ್ಲಿ ನಿಂತ್ಕೊಳ್ಲಿ ಅಂತ ಕೇಳೋ ಹಕ್ಕು ನಿಮಗಿದೆ.